ಹಳೇ ಟ್ರ್ಯಾಕ್ಟರ್ ಕೊಳ್ಳುವಾಗ ಬ್ರೋಕರ್ ಜೊತೆ ವ್ಯವಹಾರ: ಟವಲ್ ತೆಗೆಸಿ ಮಾತಾಡಿ

ಬೇಬಿ ಬೆಟ್ಟದಲ್ಲೋ ಹೇಮಗಿರಿಯಲ್ಲೋ ದನದ ಜಾತ್ರೆಯ ವ್ಯಾಪಾರ ನೋಡಿದವರಿಗೆ ಗೊತ್ತು: ದಲ್ಲಾಳಿ ಕೈ ಮೇಲೆ ಟವಲ್ ಹಾಕಿ, ಒಳಗೆ ಬೆರಳು ಹಿಡಿದು ರೇಟು ಹೇಳುತ್ತಾನೆ. ಪಕ್ಕದಲ್ಲಿ ನಿಂತವರಿಗೆ ಅಂಕಿ ತಿಳಿಯುವುದಿಲ್ಲ. ಮಂಡ್ಯ, ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹಳೇ ಟ್ರ್ಯಾಕ್ಟರ್ ವ್ಯಾಪಾರದಲ್ಲೂ ಆ ಟವಲ್ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಮಾರುವವರು ‘ನಂಗೆ ಕೈಗೆ 3,60,000 ಬಂದ್ರೆ ಸಾಕು’ ಎಂದಿರುತ್ತಾರೆ. ನಿಮ್ಮ ಕಿವಿಗೆ ಬೀಳುವುದು 4,10,000. ನಡುವಿನ 50,000 ಇಬ್ಬರಿಗೂ ಗೊತ್ತಾಗದ ದುಡ್ಡು. ಅದರ ಮೇಲೆ ಎರಡೂ ಕಡೆಯಿಂದ ಕಮಿಷನ್ ಬೇರೆ.

ಹಾಗಂತ ಬ್ರೋಕರ್ ಬೇಡವೇ ಬೇಡ ಎನ್ನುವುದು ದಡ್ಡತನ. ಯಾವ ಊರಲ್ಲಿ ಯಾರ ಗಾಡಿ ಮಾರಾಟಕ್ಕಿದೆ, ಅದು ಸ್ವಂತ ಗದ್ದೆಗೆ ಮಾತ್ರ ಓಡಿದ್ದೋ, ಫ್ಯಾಕ್ಟರಿಗೆ ಕಬ್ಬು ಎಳೆದಿದ್ದೋ, ಇಟ್ಟಿಗೆ ಗೂಡಿನಲ್ಲಿ ದುಡಿದಿದ್ದೋ ಎಂಬ ಚರಿತ್ರೆಯೆಲ್ಲ ಅವರ ನಾಲಿಗೆ ತುದಿಯಲ್ಲಿರುತ್ತದೆ. ನೀವು ಒಬ್ಬರೇ ಸುತ್ತಿದರೆ ತಿಂಗಳಲ್ಲಿ ನಾಲ್ಕು ಗಾಡಿ ನೋಡುತ್ತೀರಿ. ಒಳ್ಳೆ ಬ್ರೋಕರ್ ಒಂದೇ ದಿನ ನಾಲ್ಕು ತೋರಿಸುತ್ತಾರೆ. ಆ ಕೆಲಸಕ್ಕೆ ದುಡ್ಡು ಕೊಡಿ, ಆದರೆ ಟವಲ್ ತೆಗೆಸಿ ಕೊಡಿ.

ಇನ್ನೊಂದು ವ್ಯತ್ಯಾಸ ಮೊದಲೇ ತಿಳಿದಿರಲಿ. ಬ್ರೋಕರ್ ಗಾಡಿಯ ಮಾಲೀಕನಲ್ಲ, ನಡುವಿನವನು. ಶೆಡ್‌ನಲ್ಲಿ ಹತ್ತು ಗಾಡಿ ನಿಲ್ಲಿಸಿಕೊಂಡು ಮಾರುವವರು ಡೀಲರ್. ಹಳೇ ವಾಹನದ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದಿರಬೇಕು, ಗಾಡಿ ಅವರ ವಶಕ್ಕೆ ಹೋದದ್ದು ಆನ್‌ಲೈನ್‌ನಲ್ಲಿ ದಾಖಲಾಗಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಶೆಡ್ ಇಟ್ಟವರು ‘ನಾವು ಬರೀ ಬ್ರೋಕರ್’ ಎಂದರೆ ಗಾಡಿ ಯಾರ ವಶದಲ್ಲಿದೆ, ಯಾವ ಪತ್ರದ ಮೇಲೆ ಇದೆ ಎಂದು ಕೇಳಿ.

ಮೊದಲ ಮಾತು ಕಮಿಷನ್ನಿಂದು

ಗಾಡಿ ನೋಡುವ ಮುಂಚೆಯೇ ಕಮಿಷನ್ ಇತ್ಯರ್ಥವಾಗಬೇಕು. ನೋಡಿ ಇಷ್ಟಪಟ್ಟ ಮೇಲೆ ನಿಮ್ಮ ಕೈ ಕೆಳಗಾಗುತ್ತದೆ. ಶೇಕಡಾವಾರು ಬೇಡ, ರೇಟು ಏರಿದಷ್ಟೂ ಅವರಿಗೆ ಲಾಭ, ನಿಮ್ಮ ಪರ ರೇಟು ಒಡೆಯಲು ಕಾರಣವೇ ಇರುವುದಿಲ್ಲ. ಇಡಿಗಂಟಾಗಿ ಇಷ್ಟು ಎಂದು ಹೇಳಿ. ಉದಾಹರಣೆಗೆ: ‘ಅಣ್ಣ, ನಿಮ್ಗೆ ನನ್ ಕಡೆಯಿಂದ 6,000. ಗಾಡಿ ಮನೆಗೆ ಬಂದಾಗ 3,000, ಆರ್‌ಸಿ ನನ್ ಹೆಸರಿಗಾದ್ಮೇಲೆ 3,000. ರೇಟು ಮಾತ್ರ ಮಾಲೀಕರ ಎದುರಿಗೇ ಮಾತಾಡೋಣ. ದುಡ್ಡು ಅವರ ಅಕೌಂಟಿಗೇ ಹಾಕ್ತೀನಿ.’

ಈ ಮಾತಿಗೆ ಬರುವ ಉತ್ತರದಲ್ಲೇ ಮನುಷ್ಯ ಗೊತ್ತಾಗುತ್ತಾನೆ. ‘ಆಯ್ತು ಬುಡಿ’ ಎಂದರೆ ಮುಂದುವರಿಯಿರಿ. ‘ಪಾರ್ಟಿ ಬೆಂಗ್ಳೂರಲ್ಲವ್ರೆ ಕನಣ್ಣ, ಎಲ್ಲ ನಂಗೇ ಬುಟ್ಟವ್ರೆ’ ಎಂದರೆ ಮಾಲೀಕರ ಜೊತೆ ವಿಡಿಯೋ ಕಾಲ್ ಮಾಡಿಸಲು ಹೇಳಿ. ಗಾಡಿ ಅವರದ್ದೇ, ರೇಟು ಇಷ್ಟೇ ಎಂಬುದು ಅವರ ಬಾಯಿಂದಲೇ ಬರಲಿ. ಅದೂ ಆಗಲ್ಲ ಎಂದರೆ ಆ ಗಾಡಿ ಬಿಡಿ.

ನಿಮಗೆ ಬೇಕಾದ ಗಾಡಿ ಎಂಥದ್ದು ಎಂದು ಬಿಡಿಸಿ ಹೇಳಿ: ಎಷ್ಟು ಎಚ್‌ಪಿ, ಪವರ್ ಸ್ಟೀರಿಂಗ್ ಬೇಕೇ, ಟ್ರೈಲರ್ ಸೇರಿಯೇ, ರೋಟವೇಟರ್ ಎಷ್ಟು ಅಡಿಯದು. 5 ಅಡಿ ರೋಟವೇಟರ್‌ಗೆ 35-40 ಎಚ್‌ಪಿ ಸಾಕಾಗುತ್ತದೆ, 6 ಅಡಿಗೆ 45ರ ಮೇಲೆ ಇರಲಿ. ಆದರೆ ನಿಮ್ಮ ಕೈಲಿ ಒಟ್ಟು ಎಷ್ಟು ದುಡ್ಡಿದೆ, ಸೊಸೈಟಿಯಲ್ಲಿ ಎಷ್ಟು ಸಾಲ ಮಂಜೂರಾಗಿದೆ ಎಂದು ಬಾಯಿಬಿಡಬೇಡಿ. ಹೇಳಿದ ಮೇಲೆ ನೋಡುವ ಪ್ರತಿ ಗಾಡಿಯ ರೇಟೂ ಅಲ್ಲಿಗೇ ಬಂದು ನಿಲ್ಲುತ್ತದೆ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಡುವ ಸುದ್ದಿ ಬಂದ ವಾರ ಕೊಳ್ಳಲು ಹೊರಡುವುದು ತಪ್ಪು ಹೊತ್ತು. ಕನ್ನಂಬಾಡಿ ಕಟ್ಟೆ ತುಂಬುವ ಹೊತ್ತಿಗೆ ಗದ್ದೆ ಕೆಸರು ಮಾಡಲು ಎಲ್ಲರಿಗೂ ಗಾಡಿ ಬೇಕು, ಬ್ರೋಕರ್‌ಗೆ ನಿಮ್ಮ ಫೋನ್ ಎತ್ತಲೂ ಪುರುಸೊತ್ತಿರುವುದಿಲ್ಲ. ನಾಲೆ ನಿಂತ ಬೇಸಿಗೆಯಲ್ಲಿ ನೋಡಿ.

ಗಾಡಿ ನೋಡಲು ಹೋಗುವ ಮುಂಚೆ ಆರ್‌ಸಿ

ವಾಟ್ಸ್ಆ್ಯಪ್‌ಗೆ ಗಾಡಿಯ ಫೋಟೋ ಹತ್ತು ಬರುತ್ತವೆ, ಆರ್‌ಸಿಯದು ಒಂದೂ ಬರುವುದಿಲ್ಲ. ಅದನ್ನು ಕೇಳಿ ತರಿಸಿಕೊಂಡು, ನಂಬರನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ನೋಂದಣಿ ದಿನಾಂಕ, ನೋಂದಣಿ ಎಲ್ಲಿಯವರೆಗೆ ಇದೆ, ಇನ್ಶೂರೆನ್ಸ್, ಸಾಲ ಕೊಟ್ಟ ಬ್ಯಾಂಕು ಅಥವಾ ಫೈನಾನ್ಸ್ ಅಲ್ಲಿ ಕಾಣುತ್ತವೆ. ಕೆಎ-11 ಮಂಡ್ಯ, ಕೆಎ-54 ನಾಗಮಂಗಲ, ಕೆಎ-09 ಮೈಸೂರು ಪಶ್ಚಿಮ, ಕೆಎ-55 ಮೈಸೂರು ಪೂರ್ವ, ಕೆಎ-45 ಹುಣಸೂರು. ಕೃಷಿ ಟ್ರ್ಯಾಕ್ಟರ್ ನೋಂದಣಿಯ ಅವಧಿ 15 ವರ್ಷ. ಅದು ಮುಗಿಯಲು ಆರು ತಿಂಗಳಿದ್ದರೆ ನವೀಕರಣದ ಓಡಾಟ, ಖರ್ಚು ನಿಮ್ಮ ತಲೆಗೆ. ಅಷ್ಟನ್ನು ರೇಟಿನಲ್ಲಿ ಕಳೆಯಿರಿ.

ಟ್ರ್ಯಾಕ್ಟರ್ ಬ್ರೋಕರ್ ವ್ಯವಹಾರದಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಮೂರು ಕಡೆ.

ಮೊದಲನೆಯದು ತಂದೆಯ ಹೆಸರಿನ ಗಾಡಿ. ತಂದೆ ತೀರಿಕೊಂಡು ಎರಡು ವರ್ಷವಾಗಿದೆ, ಮಗ ಮಾರುತ್ತಿದ್ದಾನೆ, ‘ಅಪ್ಪನ ಸೈನ್ ಹಾಕಿರೋ ಫಾರಂ ಐತೆ’ ಎನ್ನುತ್ತಾರೆ. ತೀರಿಕೊಂಡವರ ಸಹಿಯ ಫಾರಂನಲ್ಲಿ ವರ್ಗಾವಣೆ ಮಾಡಿಸಿದರೆ ಅದು ಫೋರ್ಜರಿ ಕೇಸು, ಅರ್ಜಿಯಲ್ಲಿ ನಿಮ್ಮ ಹೆಸರೂ ಇರುತ್ತದೆ. ಸರಿಯಾದ ದಾರಿ: ಮರಣ ಪ್ರಮಾಣ ಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟು ಫಾರಂ 31ರಲ್ಲಿ ಮೊದಲು ಮಗನ ಹೆಸರಿಗೆ ಮಾಡಿಸಲಿ, ಆಮೇಲೆ ನಿಮಗೆ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು. ತಡವಾಗುವುದು ಸಾಮಾನ್ಯವಾಗಿ ಅಲ್ಲೇ.

ಎರಡನೆಯದು ಟ್ರೈಲರ್. ಅದಕ್ಕೆ ಬೇರೆಯದೇ ನೋಂದಣಿ ನಂಬರು, ಬೇರೆ ಆರ್‌ಸಿ ಇರಬೇಕು. ‘ಟ್ರೈಲರ್ ಸೇರಿ’ ಎಂದು 80,000 ಜಾಸ್ತಿ ಹೇಳುತ್ತಾರೆ. ಕೇಳಿದರೆ ಊರ ವೆಲ್ಡಿಂಗ್ ಶಾಪಿನಲ್ಲಿ ಕಟ್ಟಿಸಿದ್ದು, ಕಾಗದವೇ ಇಲ್ಲ. ಕಬ್ಬು ತುಂಬಿದ ಟ್ರೈಲರ್ ರಸ್ತೆಯಲ್ಲಿ ಯಾರಿಗಾದರೂ ತಗುಲಿದರೆ ಇನ್ಶೂರೆನ್ಸ್ ಕಂಪನಿ ಮೊದಲು ಕೇಳುವುದೇ ಟ್ರೈಲರ್‌ನ ಕಾಗದ. ಕಾಗದವಿಲ್ಲದ ಟ್ರೈಲರ್‌ಗೆ ಕಬ್ಬಿಣದ ಬೆಲೆ ಮಾತ್ರ ಕಟ್ಟಿ.

ಮೂರನೆಯದು ಹೊರರಾಜ್ಯದ ಗಾಡಿ. ರೇಟು ಕಮ್ಮಿ ಎಂದು ಆಸೆ ಹುಟ್ಟುತ್ತದೆ. ಆದರೆ ಅಲ್ಲಿನ ಆರ್‌ಟಿಒ ಫಾರಂ 28ರಲ್ಲಿ ಕೊಟ್ಟ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೈಗೆ ಬರದೆ ಇಲ್ಲಿ ಏನೂ ನಡೆಯುವುದಿಲ್ಲ. ಬಂದ ಮೇಲೂ ಇಲ್ಲಿನ ತೆರಿಗೆ, ಹೊಸ ನಂಬರು. ‘ಎನ್‌ಒಸಿ ಬರ್ತಾ ಐತೆ’ ಎನ್ನುವ ಗಾಡಿಗೆ ಟೋಕನ್ ಕೂಡ ಬೇಡ.

ಸಬ್ಸಿಡಿಯಲ್ಲಿ ಕೊಂಡ ಮಿನಿ ಟ್ರ್ಯಾಕ್ಟರ್ ಆಗಿದ್ದರೆ, ಮಂಜೂರಾತಿ ಆದೇಶದಲ್ಲಿ ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಇದೆಯೇ ಎಂದು ಓದಿ ನೋಡಿ.

ತಣ್ಣಗಿರುವ ಎಂಜಿನ್

ಗಾಡಿ ಮಾಲೀಕರ ಮನೆ ಹತ್ತಿರವೇ, ಬೆಳಿಗ್ಗೆ ನೋಡಬೇಕು. ‘ನೀವು ಬರೋ ಹೊತ್ಗೆ ಸ್ಟಾರ್ಟ್ ಮಾಡ್ಸಿ ಇಟ್ಟಿರ್ತೀನಿ’ ಎಂದರೆ ಬೇಡವೆನ್ನಿ. ಹೋದ ಕೂಡಲೇ ಎಂಜಿನ್ ಬ್ಲಾಕ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿದ್ದಾಗ ಹತ್ತು ಸಲ ಸೆಲ್ಫ್ ಹೊಡೆದರೂ ಏಳದ ಎಂಜಿನ್ ಬಿಸಿಯಿದ್ದಾಗ ಒಂದೇ ಸಲಕ್ಕೆ ಏಳುತ್ತದೆ. ಜೊತೆಗೆ ಮೆಕ್ಯಾನಿಕ್ ಇರಲಿ, ಆದರೆ ನಿಮ್ಮ ಹೋಬಳಿಯವರು, ನೀವೇ ಕೂಲಿ ಕೊಟ್ಟು ಕರೆದವರು. ಬ್ರೋಕರ್ ಕರೆತಂದ ಮೆಕ್ಯಾನಿಕ್ ಬ್ರೋಕರ್‌ಗೂ ಮಾರುವವರಿಗೂ ಬೇಕಾದವನು.

ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಗೇಜ್ ಎಳೆದು ನೋಡಿ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಎಂಜಿನ್ ಆಯಿಲ್‌ಗೆ ನೀರು ಸೇರಿದೆ. ತೀರಾ ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ ಪಂಪ್ ಕಡೆಯಿಂದ ಡೀಸೆಲ್ ಇಳಿಯುತ್ತಿದೆ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ. ಸ್ಟಾರ್ಟ್ ಆದ ಮೇಲೆ ಅಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡೇ ಹೋಗಿದೆ. ಎಂಜಿನ್ ಬಿಸಿಯಾದ ಮೇಲೆ ಆ ಮುಚ್ಚಳಕ್ಕೆ ಕೈ ಹಾಕಬೇಡಿ.

ಹತ್ತು ನಿಮಿಷ ಓಡಿದ ಮೇಲೆ ಸ್ಲೋ ರೇಸ್‌ನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸಣ್ಣಗೆ ಆವಿಯಂತೆ ಬಂದರೆ ಚಿಂತೆಯಿಲ್ಲ. ಒಲೆ ಊದಿದ ಹಾಗೆ ದಬದಬ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗು, ಲೈನರ್ ಸವೆದಿವೆ, ಬೋರ್ ಕೆಲಸ ಕಾದಿದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೂ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿಕೊಂಡಿರುವುದೂ ಕಾರಣವಿರಬಹುದು, ಅದು ಸಣ್ಣ ಖರ್ಚು. ಎಂಜಿನ್ ಪೂರಾ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಹೆಡ್ ಕಡೆ ನೋಡಬೇಕು.

ನಮ್ಮ ಭಾಗದ ಗಾಡಿಗಳಿಗೆ ಎರಡು ಖಾಸಾ ಕಾಯಿಲೆ. ಒಂದು ಕೆಸರಿನದು, ಒಂದು ಕಬ್ಬಿನದು.

ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ವರ್ಷಕ್ಕೆ ಎರಡು ಬೆಳೆಗೆ ಕೆಸರು ಮಾಡಿದ ಗಾಡಿಯ ಸೀಲ್‌ಗಳ ಮೂಲಕ ನೀರು, ಮಣ್ಣು ಒಳಗೆ ಹೋಗುತ್ತವೆ. ಮುಂದಿನ ಚಕ್ರದ ಹಬ್‌ನ ಮುಚ್ಚಳ ಬಿಚ್ಚಿಸಿ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಿ. ಮರಳು ಸಿಕ್ಕಿದರೆ ಬೇರಿಂಗ್ ತಿಂದಿದೆ. ಮುಂದಿನ ಆ್ಯಕ್ಸಲ್‌ಗೆ ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಅಲ್ಲಾಡಿಸಿ, ಲೊಟಲೊಟ ಎಂದರೆ ಬೇರಿಂಗೋ ಕಿಂಗ್‌ಪಿನ್ನೋ ಸವೆದಿದೆ. ಹಿಂದಿನ ಚಕ್ರದ ಒಳಮುಖದಲ್ಲಿ ಎಣ್ಣೆ ಇಳಿದ ಜಾಡು ಇದ್ದರೆ ಆ್ಯಕ್ಸಲ್ ಸೀಲ್ ಹೋಗಿದೆ. ಗೇರ್ ಆಯಿಲ್ ಗೇಜ್ ಎಳೆದಾಗ ಅದೂ ಬೆಳ್ಳಗಿದ್ದರೆ ಹೌಸಿಂಗ್ ಒಳಗೆ ನಾಲೆ ನೀರು ಕೂತಿದೆ ಎಂದು ತಿಳಿಯಿರಿ.

ಕಬ್ಬು ಎಳೆದ ಗಾಡಿಯದು ಬೇರೆ ಕತೆ. ಟ್ರ್ಯಾಕ್ಟರ್‌ಗೆ ಲಾರಿಯ ಹಾಗೆ ಬೇರೆ ಫ್ರೇಮ್ ಇಲ್ಲ; ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನುಮೂಳೆ. ಜೋಡಿ ಟ್ರೈಲರ್ ಎಳೆದು ಎಳೆದು ಆ ಜೋಡಣೆಯಲ್ಲಿ ಬಿರುಕು ಬಿಡುತ್ತದೆ. ಕೆಳಗೆ ಗೋಣಿಚೀಲ ಹಾಸಿ ಮಲಗಿ, ಡೀಸೆಲ್ ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ನೋಡಿ. ವೆಲ್ಡಿಂಗ್ ಗೆರೆ ಕಂಡರೆ ಅಥವಾ ಅಷ್ಟು ಭಾಗಕ್ಕೆ ಮಾತ್ರ ಹೊಸ ಪೇಂಟ್ ಹೊಡೆದಿದ್ದರೆ ಆ ಗಾಡಿ ಯಾವ ರೇಟಿಗೂ ಬೇಡ. ಹಿಂದಿನ ಹುಕ್ಕಿನ ತೂತು ಗುಂಡಗಿದೆಯೋ ಮೊಟ್ಟೆಯಾಕಾರಕ್ಕೆ ಸವೆದಿದೆಯೋ ಗಮನಿಸಿ. ಅವರ್ ಮೀಟರ್ 2,000 ಗಂಟೆ ತೋರಿಸಿ, ಹುಕ್ಕಿನ ತೂತು, ಕ್ಲಚ್ ಪೆಡಲ್, ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟ್‌ನ ಹಲ್ಲು ಮೂರೂ ಸವೆದಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ.

ಕ್ಲಚ್ ಪರೀಕ್ಷೆಗೆ ಎದುರು ಯಾರೂ ಇಲ್ಲದ ಜಾಗ ಹುಡುಕಿ. ಎರಡೂ ಬ್ರೇಕ್ ಪೆಡಲ್ ಜೋಡಿಸಿ ಒತ್ತಿ ಹಿಡಿದು, ಮೇಲಿನ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದು ಗಾಡಿಯೂ ಕದಲದಿದ್ದರೆ ಪ್ಲೇಟ್ ಜಾರುತ್ತಿದೆ. ಆಮೇಲೆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಸಿ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್ ಬಾಕ್ಸ್ ಬಿಚ್ಚಬೇಕಾಗುತ್ತದೆ.

ಲಿಫ್ಟ್‌ಗೆ ಕಲ್ಟಿವೇಟರ್ ಅಥವಾ ರೋಟವೇಟರ್ ಸಿಕ್ಕಿಸಿ ಪೂರಾ ಎತ್ತಿ, ಎಂಜಿನ್ ಆಫ್ ಮಾಡಿ. ಪಕ್ಕದಲ್ಲಿ ಒಂದು ಕೋಲು ನಿಲ್ಲಿಸಿ, ಲಿಂಕ್‌ನ ತುದಿ ಇರುವ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಹಾಕಿ ಹತ್ತು ನಿಮಿಷ ಕಾಯಿರಿ. ಬ್ರೋಕರ್ ಇಲ್ಲೇ ಟೀಗೆ ಕರೆಯುವುದು, ಹೋಗಬೇಡಿ. ಎರಡು ಬೆರಳು ಇಳಿದರೆ ಹಳೇ ಗಾಡಿಗೆ ಸಹಜ. ಒಂದು ಗೇಣು ಇಳಿದರೆ ಸೀಲ್, ವಾಲ್ವ್ ಅಥವಾ ಸಿಲಿಂಡರ್ ಕೆಲಸ ಇದೆ.

ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರದ ಟೈರು. ರೀಬಟನ್ ಮಾಡಿಸಿದ (ಸವೆದದ್ದಕ್ಕೆ ಹೊಸ ರಬ್ಬರ್ ಕೂರಿಸಿದ) ಟೈರು ಕಣ್ಣಿಗೆ ಹೊಸದಾಗಿ ಕಂಡರೂ ಪಕ್ಕದ ರಬ್ಬರಿನ ಸೀಳು ವಯಸ್ಸು ಹೇಳುತ್ತದೆ. ಕೊನೆಗೆ ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಆರ್‌ಸಿ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ.

ರೇಟು ಒಡೆಯುವುದು

‘ಗಾಡಿ ಚೆನ್ನಾಗಿಲ್ಲ, ಕಮ್ಮಿ ಮಾಡಿ’ ಎಂದರೆ ಯಾರೂ ಇಳಿಯುವುದಿಲ್ಲ, ಮೇಲಾಗಿ ಮಾಲೀಕರಿಗೆ ಬೇಜಾರಾಗುತ್ತದೆ. ಮೆಕ್ಯಾನಿಕ್ ಬಾಯಿಂದ ಖರ್ಚಿನ ಪಟ್ಟಿ ಬರೆಸಿ ಎದುರಿಗಿಡಿ. ಹೇಳಿದ ರೇಟು 4,10,000. ಹಿಂದಿನ ಜೋಡಿ ಟೈರಿಗೆ 45,000, ಲಿಫ್ಟ್ ಕೆಲಸಕ್ಕೆ 9,000, ಬ್ಯಾಟರಿಗೆ 7,000 ಎಂದುಕೊಳ್ಳಿ. ಒಟ್ಟು 61,000. ನಿಮ್ಮ ಮೊದಲ ಮಾತು 3,49,000. ಅಂಕಿ ದುಂಡಗಿಲ್ಲದಿರುವುದೇ ಒಳ್ಳೆಯದು, ಲೆಕ್ಕ ಹಾಕಿ ಹೇಳಿದ್ದು ಎಂದು ತಿಳಿಯುತ್ತದೆ. ‘ಬೆಳಿಗ್ಗೆ ಇನ್ನೊಬ್ರು ನೋಡ್ಕೊಂಡ್ ಹೋದ್ರು, ಸಾಯಂಕಾಲ ದುಡ್ಡು ತರ್ತಾರೆ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಬರಲಿ. ನಿಮ್ಮ ಅಂಕಿ ಹೇಳಿ, ನಾಳೆ ಬೆಳಿಗ್ಗೆವರೆಗೆ ಅದಕ್ಕೆ ಬದ್ಧ ಎಂದು ಹೇಳಿ ಹೊರಡಿ.

ಟೋಕನ್

ಟೋಕನ್ 5,000 ದಾಟದಿರಲಿ. ಕೊಡುವುದು ಮಾಲೀಕರಿಗೆ, ಬ್ರೋಕರ್ ಸಾಕ್ಷಿ. ಅಲ್ಲೇ ಬರೆಸಿಕೊಳ್ಳುವ ಚೀಟಿ ಹೀಗಿದ್ದರೆ ಸಾಕು:

‘ನನ್ನ ಹೆಸರಿನಲ್ಲಿರುವ ಕೆಎ-11 ____ ನಂಬರಿನ ಟ್ರ್ಯಾಕ್ಟರ್ (ಚಾಸಿಸ್ ನಂ. ____, ಎಂಜಿನ್ ನಂ. ____) ಮತ್ತು ____ ನಂಬರಿನ ಟ್ರೈಲರನ್ನು ____ ಗ್ರಾಮದ ____ ಅವರಿಗೆ ರೂ. ____ಕ್ಕೆ ಮಾರಲು ಒಪ್ಪಿ ಮುಂಗಡ ರೂ. 5,000 ಪಡೆದಿದ್ದೇನೆ. ಗಾಡಿ ಮೇಲಿನ ಸಾಲ ತೀರಿಸಿ ಎನ್‌ಒಸಿ, ಫಾರಂ 35 ಕೊಡುವುದು ನನ್ನ ಜವಾಬ್ದಾರಿ. ದಾಖಲೆ ತಾಳೆಯಾಗದಿದ್ದರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೇನೆ. ದಿನಾಂಕ ____ರೊಳಗೆ ಕೊಳ್ಳುವವರು ಬಾರದಿದ್ದರೆ ಮುಂಗಡ ವಾಪಸ್ ಇಲ್ಲ.’

ಕೆಳಗೆ ಇಬ್ಬರ ಸಹಿ, ಬ್ರೋಕರ್ ಸಹಿ, ಫೋನ್ ನಂಬರ್. ಬ್ರೋಕರ್ ಸಹಿ ಹಾಕಲು ಹಿಂಜರಿದರೆ ರೂ. ಜಾಗದಲ್ಲಿರುವ ಅಂಕಿಗೂ ಅವರು ಮಾಲೀಕರಿಗೆ ಹೇಳಿದ ಅಂಕಿಗೂ ವ್ಯತ್ಯಾಸ ಇರುವ ಸಾಧ್ಯತೆ ಹೆಚ್ಚು. ಈ ಚೀಟಿ ಮಾಲೀಕರ ಎದುರಲ್ಲೇ ಬರೆಯುವುದು ಅದಕ್ಕಾಗಿಯೇ.

ದುಡ್ಡು, ಸಾಲ

ಸಾಲವಿರುವ ಗಾಡಿಯಾದರೆ ಮಾಲೀಕರ ಜೊತೆ ಬ್ಯಾಂಕಿಗೆ ಹೋಗಿ, ಇಂಥ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ಚುಕ್ತಾ ಎಂಬ ಪತ್ರ ತೆಗೆಸಿ. ಅಷ್ಟನ್ನು ನೀವೇ ನೇರವಾಗಿ ಆ ಸಾಲದ ಖಾತೆಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ‘ದುಡ್ಡು ಕೊಡಿ, ನಾನು ಕಟ್ಟಿ ಎನ್‌ಒಸಿ ತರ್ತೀನಿ’ ಎಂಬ ಬ್ರೋಕರ್ ಮಾತಿಗೆ ಒಪ್ಪಿದವರ ಗಾಡಿಯನ್ನು ಆರು ತಿಂಗಳ ಮೇಲೆ ಫೈನಾನ್ಸ್‌ನವರು ಹೊಲದಿಂದಲೇ ಎಳೆದುಕೊಂಡು ಹೋಗುವುದುಂಟು. ಉಳಿದ ಹಣ ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೆ ಹೋಗಲಿ, ಅದರಲ್ಲಿ 25,000ವನ್ನಾದರೂ ಎನ್‌ಒಸಿ ಮತ್ತು ವರ್ಗಾವಣೆ ಆಗುವವರೆಗೆ ಹಿಡಿದಿಡಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕಂತು ಮಾಡಿ ಕೊಟ್ಟರೂ ಒಂದೇ ಲೆಕ್ಕ, ದಂಡ ಪಡೆದವರ ಮೇಲೆ. ಮಾರುವವರು ನಗದೇ ಬೇಕೆಂದು ಹಟ ಹಿಡಿದರೆ ಇದನ್ನು ಹೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ.

ಗಾಡಿ ಕೈಗೆ ಬಂದ ದಿನ ಡೆಲಿವರಿ ಚೀಟಿಯಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಯಿರಿ. ಅಂದು ಸಂಜೆಯೇ ಅಪಘಾತವಾದರೆ ಯಾರ ಕೈಲಿತ್ತು ಎಂಬ ಪ್ರಶ್ನೆ ಏಳುತ್ತದೆ.

ಆರ್‌ಸಿ ನಿಮ್ಮ ಹೆಸರಿಗೆ

‘ಸೈನ್ ಮಾಡ್ಸಿ ಇಟ್ಟಿದೀನಿ, ಯಾವಾಗ ಬೇಕಾದ್ರೂ ಮಾಡ್ಸ್ಕೊಳಿ’ ಎಂದು ಖಾಲಿ ಫಾರಂ ಕೊಡುವುದು ಇಲ್ಲಿನ ದೊಡ್ಡ ಕೆಟ್ಟ ಚಾಳಿ. ಮಾರಿದ್ದನ್ನು ತಿಳಿಸುವ ಫಾರಂ 29 ಎರಡು ಪ್ರತಿ, ವರ್ಗಾವಣೆಯ ಅರ್ಜಿ ಫಾರಂ 30, ಸಾಲವಿದ್ದದ್ದಾದರೆ ಆರ್‌ಸಿಯಿಂದ ಅದನ್ನು ತೆಗೆಸುವ ಫಾರಂ 35, ನೀವು ಸಾಲ ಮಾಡಿ ಕೊಳ್ಳುತ್ತಿದ್ದರೆ ಅದನ್ನು ಸೇರಿಸುವ ಫಾರಂ 34. ಇವನ್ನು ತುಂಬಿಸಿಯೇ ಸಹಿ ಮಾಡಿಸಿ. ಮೂಲ ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಇಬ್ಬರ ಆಧಾರ್, ಪ್ಯಾನ್ ಜೊತೆಗಿರಲಿ. ಕೃಷಿ ಬಳಕೆಯ ಗಾಡಿಯಾದ್ದರಿಂದ ನಿಮ್ಮ ಪಹಣಿ ಪ್ರತಿಯೂ ಒಂದಿರಲಿ. ಆನ್‌ಲೈನ್ ಅರ್ಜಿಗೆ ಒಟಿಪಿ ಬೇಕಾಗುವುದರಿಂದ ಮಾರಿದವರ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ ಇಟ್ಟುಕೊಳ್ಳಿ. ರಾಜ್ಯದೊಳಗಿನ ಮಾರಾಟಕ್ಕೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು.

ಮಾರಿದವರು ‘ಅವ್ರು ಯಾವಾಗಾದ್ರೂ ಮಾಡ್ಸ್ಕೊಳ್ಲಿ’ ಎಂದು ಸುಮ್ಮನಿದ್ದರೆ ಅವರಿಗೂ ಅಪಾಯ ಎಂದು ತಿಳಿಸಿ. ಗಾಡಿ ಕೈ ಬದಲಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದನ್ನು ಕೇಳಿದ ಮೇಲೆ ಮಾಲೀಕರೇ ಒಟಿಪಿಗೆ ಫೋನ್ ಎತ್ತುತ್ತಾರೆ.

ವರ್ಗಾವಣೆ ಬ್ರೋಕರ್ ಮಾಡಿಸಿಕೊಡುವುದಾದರೆ ಕಾಗದ ಕೊಟ್ಟ ವಾರದೊಳಗೆ ಅರ್ಜಿ ನಂಬರ್ ಕೇಳಿ ಪಡೆದು, ಪರಿವಾಹನ್ ತಾಣದಲ್ಲಿ ನೀವೇ ಸ್ಥಿತಿ ನೋಡುತ್ತಿರಿ. ನಂಬರ್ ಇಲ್ಲ ಎಂದರೆ ಅರ್ಜಿಯೇ ಹಾಕಿಲ್ಲ. ಇನ್ಶೂರೆನ್ಸ್ ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಕಂಪನಿಗೆ ಬರೆಯಿರಿ, ಟ್ರೈಲರ್ ಪಾಲಿಸಿ ಬೇರೆ ಇದ್ದರೆ ಅದನ್ನೂ. ಆರ್‌ಸಿ ನಿಮ್ಮ ಹೆಸರಲ್ಲಿ ಬಂದು, ಬ್ಯಾಂಕಿನ ಹೆಸರು ಅದರಿಂದ ಹೋಗಿದೆ ಎಂದು ನೋಡಿಕೊಂಡ ದಿನ ಮಾಲೀಕರ 25,000, ಬ್ರೋಕರ್‌ನ ಉಳಿದ 3,000 ಎರಡನ್ನೂ ಅದೇ ದಿನ ಕೊಟ್ಟುಬಿಡಿ. ಮುಂದೆ ರೋಟವೇಟರ್ ಬೇಕಾದಾಗ ಇದೇ ಬ್ರೋಕರ್‌ಗೆ ಫೋನ್ ಮಾಡಬೇಕಾಗುತ್ತದೆ.